ಪೊರೆ ಅಂತ ಸುಮ್ಮನೆ ಕಾಯಬೇಡಿ



ಚಾಮರಾಜಪುರಂ ರೈಲ್ವೆ ಸ್ಟೇಷನ್ ಹತ್ತಿರ ಹೂ ಕಟ್ಟಿ ಮಾರುವ ನಮ್ಮ ಸಂಘದ ಒಬ್ಬ ಸದಸ್ಯೆ ವಾರದ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸಿಸ್ಟರ್, ಬಲಗಣ್ಣು ಮುಚ್ಚಿದ್ರೆ ಮಲ್ಲಿಗೆ ಮೊಗ್ಗು ಮೊಗ್ಗಾಗಿ ಕಾಣೋದಿಲ್ಲ, ಹತ್ತಿ ಇಟ್ಟ ಹಾಗೆ ಕಾಣುತ್ತೆ" ಅಂದರು. ಎಷ್ಟು ದಿನದಿಂದ ಅಂತ ಕೇಳಿದೆ. "ಒಂದೂವರೆ ವರ್ಷ ಆಯ್ತು. ಪೊರೆ ಇರ್ಬೇಕು, ಬಲೀಲಿ, ಆಮೇಲೆ ಆಪರೇಷನ್ ಮಾಡಿಸ್ಕೊಂಡ್ರಾಯ್ತು ಅಂತ ಬಿಟ್ಟಿದ್ದೆ" ಅಂದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಆಸ್ಪತ್ರೆಯಲ್ಲಿ ನೋಡಿದಾಗ ಪೊರೆ ಹೆಚ್ಚೇನೂ ಇರಲಿಲ್ಲ. ಹಾಳಾಗಿದ್ದು ಕಣ್ಣಿನ ಹಿಂಭಾಗದ ಪರದೆ. ಬಲಗಣ್ಣಲ್ಲೂ ಅದೇ ಶುರುವಾಗಿತ್ತು, ಅವರಿಗೆ ಗೊತ್ತೇ ಇರಲಿಲ್ಲ.

ಆ ಒಂದೂವರೆ ವರ್ಷವೂ ಅವರು ವಾರ ವಾರ ನನ್ನ ಮುಂದೆ ಕುಳಿತಿದ್ದಾರೆ. ಉಳಿತಾಯ ಕೇಳಿದ್ದೇನೆ, ಸಾಲದ ಕಂತು ಕೇಳಿದ್ದೇನೆ, ಕಣ್ಣಿನ ವಿಷಯ ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೇ ಈ ಪಾಠ.

ಕಣ್ಣು ಮಂಜಾದರೆ ಪೊರೆ ಎಂದುಕೊಳ್ಳುವುದು ನಮ್ಮ ಕಡೆ ಸಹಜವೇ. ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರ ಮಾಡಿ ಸಾವಿರಾರು ಜನರ ಪೊರೆ ತೆಗೆದರು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಅಂತಲೇ ಕರೆದರು. ನಮ್ಮ ಅಜ್ಜಿ ತಾತಂದಿರು ಪಟ್ಟಿ ಬಿಚ್ಚಿದ ದಿನ ಮೊಮ್ಮಕ್ಕಳ ಮುಖ ನೋಡಿ ಅತ್ತದ್ದನ್ನು ನಾವೂ ಕೇಳಿದ್ದೇವೆ. ಪೊರೆಯಿಂದ ಹೋದ ದೃಷ್ಟಿ ಸಾಮಾನ್ಯವಾಗಿ ಆಪರೇಷನ್ ಮಾಡಿದರೆ ವಾಪಸ್ ಬರುತ್ತದೆ. ಆದರೆ ಕಣ್ಣಿನ ಒಳಪರದೆಯ ಕಾಯಿಲೆಯಲ್ಲಿ ಕಾದು ಕುಳಿತಷ್ಟೂ ನಷ್ಟ.

ಈ ಒಳಪರದೆಗೆ ಅಕ್ಷಿಪಟಲ ಅಥವಾ ರೆಟಿನಾ ಎನ್ನುತ್ತಾರೆ. ಹಳೇ ಕ್ಯಾಮೆರಾದಲ್ಲಿ ರೀಲು ಇರುತ್ತಿತ್ತಲ್ಲ, ಹಾಗೆ. ಮುಂದಿನ ಗಾಜು, ಅಂದರೆ ಮಸೂರ, ಮಸುಕಾದರೆ ಅದು ಪೊರೆ, ಗಾಜು ಬದಲಾಯಿಸಬಹುದು. ರೀಲೇ ಸುಟ್ಟರೆ ಬದಲಾಯಿಸುವ ಆಪರೇಷನ್ ಇಲ್ಲ.

ಸಕ್ಕರೆ ಕಾಯಿಲೆ ಈ ಪರದೆಯನ್ನು ಹೇಗೆ ಹಾಳು ಮಾಡುತ್ತದೆ? ಪರದೆಯ ತುಂಬ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಅವುಗಳ ಗೋಡೆ ಸಡಿಲವಾಗಿ, ಅಲ್ಲಲ್ಲಿ ಗುಳ್ಳೆಯ ಹಾಗೆ ಉಬ್ಬುತ್ತದೆ. ಇದು ಮೊದಲ ಹಂತ. ಆಗ ನೋವಿಲ್ಲ, ಕೆಂಪಿಲ್ಲ, ಸೂಜಿಗೆ ದಾರ ಪೋಣಿಸಲೂ ಆಗುತ್ತದೆ. ಆಮೇಲೆ ನಾಳಗಳು ಜಿನುಗಲು ಶುರು. ಗೋಡೆಯೊಳಗಿನ ಹಳೇ ಪೈಪು ಒಸರಿ ಗೋಡೆ ತೇವ ಹಿಡಿದು ಉಬ್ಬುವುದಿಲ್ಲವೇ, ಪರದೆಯೂ ಹಾಗೇ ಊದಿಕೊಳ್ಳುತ್ತದೆ. ಈ ಊತ ಪರದೆಯ ನಡುಮಧ್ಯಕ್ಕೆ ಬಂದರೆ ಓದುವುದು, ಹೂ ಕಟ್ಟುವುದು, ಮುಖ ಗುರುತಿಸುವುದು ಕಷ್ಟ. ಕೆಲವು ನಾಳಗಳು ಮುಚ್ಚಿಹೋಗಿ ಪರದೆಗೆ ರಕ್ತ ಸಾಲದಾಗುತ್ತದೆ. ರಕ್ತ ಬೇಕೆಂದು ಕಣ್ಣು ಹೊಸ ನಾಳಗಳನ್ನು ಬೆಳೆಸುತ್ತದೆ. ಅವು ಬಹಳ ಬಡಕಲು. ಒಂದು ದಿನ ಒಡೆದು ಕಣ್ಣೊಳಗೆ ರಕ್ತ ತುಂಬಿ ಇದ್ದಕ್ಕಿದ್ದ ಹಾಗೆ ಕತ್ತಲಾಗಬಹುದು. ಅವುಗಳ ಜೊತೆ ಬೆಳೆದ ಪದರ ಸುಕ್ಕುಗಟ್ಟಿ ಪರದೆಯನ್ನೇ ಎಳೆದು ಕಿತ್ತುಬಿಡಲೂಬಹುದು. ಬಿ.ಪಿ., ಕೊಬ್ಬು, ಮೂತ್ರಪಿಂಡದ ತೊಂದರೆ ಜೊತೆಗಿದ್ದರೆ ಇದೆಲ್ಲ ಇನ್ನೂ ಬೇಗ.

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಾಗಾದರೆ ಒಂದೊಂದು ಸಂಘದಲ್ಲೂ ಇಬ್ಬರು ಮೂವರು ಇದ್ದರೆ ಆಶ್ಚರ್ಯವಿಲ್ಲ. ಅವರು ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿಸಿಕೊಂಡು ಪರದೆ ತೋರಿಸಬೇಕು. ಮೊದಲೇ ಸಕ್ಕರೆ ಇರುವ ಹೆಣ್ಣುಮಗಳು ಬಸುರಿಯಾದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರ್ ಕೊಡುವುದು ಈ ಪರೀಕ್ಷೆ ಅಲ್ಲ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಮಂಜಾಗಿರುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಆ ದಿನ ಸ್ಕೂಟರ್ ಬೇಡ.

ಚಿಕಿತ್ಸೆ ಇದೆ. ಲೇಸರ್ ಇದೆ, ಊತ ಇಳಿಸಲು ಕಣ್ಣಿಗೇ ಕೊಡುವ ಇಂಜೆಕ್ಷನ್ ಇದೆ, ರಕ್ತ ತುಂಬಿದರೆ ಆಪರೇಷನ್ ಇದೆ. "ಲೇಸರ್ ಮಾಡಿಸಿದೆ, ಏನೂ ಉಪಯೋಗ ಆಗ್ಲಿಲ್ಲ" ಎಂದು ಹೇಳುವವರಿದ್ದಾರೆ. ಲೇಸರ್ ಇರುವುದು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಪಾಡಲು. ಹೋದದ್ದನ್ನು ತರಲಿಲ್ಲ ಅಂತ ಅರ್ಧಕ್ಕೆ ಬಿಟ್ಟರೆ ಇರುವುದೂ ಹೋಗುತ್ತದೆ.

ಇನ್ನೊಂದು ಕಾಯಿಲೆ ಇದಕ್ಕೆ ಪೂರ್ತಿ ಉಲ್ಟಾ, ಕೂಗಿಕೊಂಡೇ ಬರುತ್ತದೆ. ಕಣ್ಣಿನ ನಡುಪದರದ ಉರಿಯೂತ. ಡಾಕ್ಟರು ಯುವೈಟಿಸ್ ಎಂದು ಬರೆಯುತ್ತಾರೆ. ಕಣ್ಣು ಕೆಂಪಾದ ಕೂಡಲೇ ನಾವು "ಮದ್ರಾಸ್ ಐ" ಅಂದುಬಿಡುತ್ತೇವೆ. ಮದ್ರಾಸ್ ಐನಲ್ಲಿ ಸಾಮಾನ್ಯವಾಗಿ ತುರಿಕೆ, ನೀರು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವಷ್ಟು ಗೀಜು ಇರುತ್ತದೆ. ಒಂದು ಕಣ್ಣಿಂದ ಇನ್ನೊಂದಕ್ಕೆ, ಮನೆಯವರಿಗೆಲ್ಲ ಹರಡುತ್ತದೆ. ಒರೆಸಿದರೆ ಕಣ್ಣು ಕಾಣುತ್ತದೆ. ಉರಿಯೂತದಲ್ಲಿ ಹೆಚ್ಚಾಗಿ ಒಂದೇ ಕಣ್ಣು, ಗೀಜಿಲ್ಲ, ಆದರೆ ಒಳಗಿನಿಂದ ನೋವು. ಕರಿಗುಡ್ಡೆಯ ಸುತ್ತ ಕೆಂಪು. ಬೆಳಕು ನೋಡಲಾಗದು, ದೃಷ್ಟಿ ಮಂಜು. ಹಿಂಭಾಗದಲ್ಲಿ ಉರಿಯೂತವಾದರೆ ಕೆಂಪೂ ಇಲ್ಲದೆ, ಕಣ್ಣ ಮುಂದೆ ಕರೀ ಚುಕ್ಕೆ ತೇಲಾಡಿ ಮಂಜಾಗುವುದಷ್ಟೇ ಗೊತ್ತಾಗುತ್ತದೆ. ಇದು ದುಡಿಯುವ ವಯಸ್ಸಿನವರಿಗೇ ಜಾಸ್ತಿ.

ಕಾರಣ ಕಣ್ಣಿನಲ್ಲೇ ಇರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಕ್ಷಯ ಒಂದು ದೊಡ್ಡ ಕಾರಣ, ಕೆಮ್ಮು ಇಲ್ಲದಿದ್ದರೂ. ಇಲಿ ಜ್ವರ ಬಂದುಹೋದ ಕೆಲವು ತಿಂಗಳ ಮೇಲೂ ಬರಬಹುದು. ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಳ್ಳುವ ಬೆನ್ನುಮೂಳೆಯ ವಾತದ ಜೊತೆಗೂ ಬರುತ್ತದೆ. ದೇಹದ ಕಾವಲು ಪಡೆ ತನ್ನ ಮನೆಯ ಮೇಲೇ ತಿರುಗಿಬಿದ್ದ ಹಾಗೆ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಕಣ್ಣಿನ ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟರೆ "ಕಣ್ಣಿಗೂ ಎದೆಗೂ ಏನು ಸಂಬಂಧ, ದುಡ್ಡು ಕೀಳೋಕೆ" ಅಂತ ಗೊಣಗುತ್ತಾ ಮನೆಗೆ ಬರಬೇಡಿ.

ಬಿಟ್ಟರೆ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ, ಒಳಗಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಚಿಕ್ಕ ವಯಸ್ಸಿಗೇ ಪೊರೆ ಬರಬಹುದು, ಪರದೆಯೂ ಊದಬಹುದು. ಔಷಧಿ ಸ್ಟೀರಾಯ್ಡ್ ಡ್ರಾಪ್ಸ್, ಜೊತೆಗೆ ಪಾಪೆ ಅಗಲಿಸುವ ಡ್ರಾಪ್ಸ್. ಕೆಂಪು ಇಳಿಯಿತೆಂದು ಮೂರನೇ ದಿನ ನಿಲ್ಲಿಸಿದರೆ ಮತ್ತೆ ಕೆರಳುತ್ತದೆ. ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಬೇಕು. ಅದೇ ಬಾಟಲಿಯನ್ನು ಪಕ್ಕದ ಮನೆಯವರ ಕೆಂಪು ಕಣ್ಣಿಗೆ ಕೊಡಬೇಡಿ. ಕಡ್ಡಿ ಚುಚ್ಚಿ ಹುಣ್ಣಾದ ಕಣ್ಣಿಗೆ ಸ್ಟೀರಾಯ್ಡ್ ಹಾಕಿದರೆ ಕಣ್ಣೇ ಹೋಗಬಹುದು. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಇವೂ ಬೇಡ. ಹಿರಿಯರ ಮೇಲೆ ಗೌರವವಿಟ್ಟೇ ಹೇಳುತ್ತಿದ್ದೇನೆ.

ಕೀಲುವಾತಕ್ಕೆ ಎಚ್.ಸಿ.ಕ್ಯು. ಮಾತ್ರೆ ನುಂಗುವ ಅಕ್ಕಂದಿರು ನಮ್ಮಲ್ಲಿ ಇದ್ದಾರೆ. ಒಳ್ಳೆಯ ಔಷಧಿ, ನೀವಾಗಿಯೇ ಬಿಡಬೇಡಿ. ಆದರೆ ಬಹಳ ವರ್ಷ ತೆಗೆದುಕೊಂಡರೆ ಪರದೆಗೆ ತೊಂದರೆಯಾಗಬಹುದು. ಶುರುವಿನಲ್ಲಿ ಒಮ್ಮೆ, ಐದು ವರ್ಷದ ಮೇಲೆ ಪ್ರತಿವರ್ಷ ಕಣ್ಣು ತೋರಿಸಿ. ಮೂತ್ರಪಿಂಡದ ತೊಂದರೆಯಿದ್ದರೆ ಐದು ವರ್ಷ ಕಾಯದೆ ಡಾಕ್ಟರನ್ನು ಕೇಳಿ.

ಯಾರಿಗೇ ಆಗಲಿ ಮಿಂಚು ಹೊಡೆದ ಹಾಗೆ ಬೆಳಕು, ರಾಶಿ ಚುಕ್ಕೆಗಳು, ಪಕ್ಕದಿಂದ ಪರದೆ ಇಳಿದ ಹಾಗೆ ಕತ್ತಲು ಕಂಡರೆ ಅವತ್ತೇ ಹೋಗಬೇಕು, ಸೋಮವಾರ ಹೋಗೋಣ ಅನ್ನುವ ಹಾಗಿಲ್ಲ. ನಮಗೆ ಕೆ.ಆರ್. ಆಸ್ಪತ್ರೆ ಆಟೋ ದೂರದಲ್ಲಿದೆ. ಬಿ.ಪಿ.ಎಲ್. ಕಾರ್ಡು, ಹಳೇ ಚೀಟಿ, ನುಂಗುವ ಮಾತ್ರೆಗಳು ಕೈಯಲ್ಲಿರಲಿ.

ನಮ್ಮ ಹೂವಿನ ಅಕ್ಕನಿಗೆ ಇಂಜೆಕ್ಷನ್ ಮತ್ತು ಲೇಸರ್ ಆಗಿದೆ. ಬಲಗಣ್ಣು ನಿಂತಿದೆ. ಎಡಗಣ್ಣಲ್ಲಿ ಮೊಗ್ಗು ಈಗಲೂ ಸರಿಯಾಗಿ ಕಾಣುವುದಿಲ್ಲ. ಓಡಾಟದ ಖರ್ಚಿಗೆ ಸಂಘದಿಂದ ಒಳಸಾಲ ಕೊಟ್ಟೆವು. "ಕಣ್ಣಿಗೂ ಸಾಲ ಕೊಡ್ತೀರಾ" ಅಂತ ಒಬ್ಬರು ಕೇಳಿದ್ದರು, ಹಸುವಿಗೆ ಕೊಡುತ್ತೇವಲ್ಲ ಅಂದೆ.

ಮುಂದಿನ ಸಭೆಯಲ್ಲಿ ಗೋಡೆಯ ಕ್ಯಾಲೆಂಡರಿನ ಮನೆಗಳನ್ನು ಎಲ್ಲರೂ ಒಂದೊಂದೇ ಕಣ್ಣು ಮುಚ್ಚಿ ನೋಡೋಣ. ಕನ್ನಡಕ ಇರುವವರು ಹಾಕಿಕೊಂಡೇ ನೋಡಿ. ಗೆರೆ ಸೊಟ್ಟಗೆ ಕಂಡರೆ, ನಡುವೆ ಮಸುಕಾದರೆ, ಎರಡು ಕಣ್ಣಿಗೂ ವ್ಯತ್ಯಾಸವಿದ್ದರೆ ಹೆಸರು ಕೊಡಿ. ಸಕ್ಕರೆ ಇರುವವರು ಎಲ್ಲವೂ ಸರಿ ಕಂಡರೂ ಹೆಸರು ಕೊಡಿ. ಕೊನೆಯ ಸಲ ಪರದೆ ತೋರಿಸಿದ ತಾರೀಖನ್ನು ಉಳಿತಾಯದ ಪುಸ್ತಕದ ಹಿಂಬದಿಯಲ್ಲೇ ಬರೆದಿಡೋಣ.