ಮೆಂಫಿಸ್ ನಗರಕ್ಕೆ ಬಂದ ಗಾಯಕಿ

1968ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಮೆಂಫಿಸ್ ನಗರದ ಒಂದು ಧ್ವನಿಮುದ್ರಣ ಮಂದಿರದಲ್ಲಿ ವಾದ್ಯಗಾರರು ಸಿದ್ಧರಾಗಿದ್ದರು. ದೂರದ ಇಂಗ್ಲೆಂಡಿನಿಂದ ಬಂದಿದ್ದ ಗಾಯಕಿಯೊಬ್ಬಳು ಧ್ವನಿಗ್ರಾಹಕದ ಮುಂದೆ ನಿಂತಿದ್ದಳು. ಆಕೆಯ ಹೆಸರು ಡಸ್ಟಿ ಸ್ಪ್ರಿಂಗ್‌ಫೀಲ್ಡ್. ತನ್ನ ದೇಶದಲ್ಲಿ ಆಕೆ ಮನೆಮಾತಾಗಿದ್ದ ಗಾಯಕಿ. ಆದರೂ ಅಂದು ಆಕೆಯ ಮನಸ್ಸಿಗೊಪ್ಪುವಂತೆ ಸ್ವರ ಹೊರಡಲೊಲ್ಲದು. ಅದಕ್ಕೆ ಗಂಟಲಿನ ದೋಷ ಕಾರಣವಾಗಿರಲಿಲ್ಲ. ಆಕೆಯನ್ನು ತಡೆದದ್ದು ಮನಸ್ಸಿನ ಅಳುಕು. ಆ ಅಳುಕು ಎಲ್ಲಿಂದ ಬಂದಿತು, ಅದನ್ನು ಆಕೆ ಹೇಗೆ ದಾಟಿದಳು ಎಂಬುದು ತಿಳಿಯಬೇಕಾದ ಕಥೆ.

ಡಸ್ಟಿಯ ನಿಜವಾದ ಹೆಸರು ಮೇರಿ ಓಬ್ರಿಯನ್. ಆಕೆ 1939ನೆಯ ಇಸವಿಯ ಏಪ್ರಿಲ್ 16ರಂದು ಲಂಡನ್ ನಗರದಲ್ಲಿ, ಐರಿಷ್ ಮೂಲದ ಕುಟುಂಬವೊಂದರಲ್ಲಿ ಜನಿಸಿದಳು. ಮನೆಯಲ್ಲಿ ಸಂಗೀತದ ವಾತಾವರಣವಿತ್ತು. ತಂದೆಯು ಮಗಳ ಅಂಗೈಯ ಹಿಂಬದಿಯ ಮೇಲೆ ಬೆರಳಿನಿಂದ ಲಯವನ್ನು ತಟ್ಟಿ, ಅದು ಯಾವ ಕೃತಿಯದೆಂದು ಕೇಳುತ್ತಿದ್ದನು. ಹೀಗೆ ಆಟದೊಳಗೇ ಆಕೆಗೆ ಲಯಜ್ಞಾನ ಲಭಿಸಿತು. 1960ರಲ್ಲಿ ಅಣ್ಣನೊಡನೆ ಕೂಡಿ ಗಾಯಕವೃಂದವೊಂದನ್ನು ಕಟ್ಟಿದಳು. ಎರಡು ವರ್ಷಗಳ ತರುವಾಯ ಆ ವೃಂದವು ಅಮೆರಿಕಕ್ಕೆ ಹೋದಾಗ, ನ್ಯೂಯಾರ್ಕಿನಲ್ಲಿ ಕಪ್ಪು ಜನಾಂಗದ ಗಾಯಕವೃಂದವೊಂದರ ಹಾಡು ಆಕೆಯ ಕಿವಿಗೆ ಬಿತ್ತು. ಆ ಹಾಡಿನ ಬಿರುಸು ಆಕೆಯ ದಾರಿಯನ್ನೇ ಬದಲಿಸಿತು. 1963ರಲ್ಲಿ ವೃಂದವನ್ನು ಬಿಟ್ಟು ಒಬ್ಬಳೇ ಹಾಡತೊಡಗಿದಳು. 1966ರಲ್ಲಿ ಆಕೆಯ ಹಾಡೊಂದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು.

ಡಸ್ಟಿಯ ಮನಸ್ಸನ್ನು ಸೆಳೆದ ಸಂಗೀತಕ್ಕೆ 'ಸೋಲ್' ಎಂದು ಹೆಸರು. ಆ ಮಾತಿಗೆ ಆತ್ಮವೆಂದು ಅರ್ಥ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟ ಜನರ ಸಂತತಿಯವರು ಅಮೆರಿಕದ ಹೊಲಗಳಲ್ಲಿಯೂ ಪ್ರಾರ್ಥನಾ ಮಂದಿರಗಳಲ್ಲಿಯೂ ಹಾಡಿದ ಹಾಡುಗಳೇ ಅದರ ಬೇರು. ಭಜನೆಯಲ್ಲಿ ಒಬ್ಬನು ಹೇಳಿದ್ದನ್ನು ಉಳಿದವರು ಮರುನುಡಿಯುವಂತೆ, ಅವರ ಪ್ರಾರ್ಥನೆಯಲ್ಲಿಯೂ ಒಂದು ದನಿ ಕರೆದರೆ ನೂರು ದನಿಗಳು ಓಗೊಡುತ್ತಿದ್ದವು. 1954ರಲ್ಲಿ ರೇ ಚಾರ್ಲ್ಸ್ ಎಂಬ ಅಂಧ ಗಾಯಕನು ಪ್ರಾರ್ಥನಾ ಗೀತೆಯ ಧಾಟಿಯನ್ನು ಲೌಕಿಕ ಪ್ರೇಮಗೀತೆಗೆ ಅಳವಡಿಸಿದನು. ದೇವರ ಮುಂದೆ ತೋಡಿಕೊಳ್ಳುತ್ತಿದ್ದ ಅಳಲನ್ನು ಮನುಷ್ಯನ ಮುಂದೆಯೂ ತೋಡಿಕೊಳ್ಳಬಹುದೆಂದು ಈ ಸಂಗೀತ ತೋರಿಸಿತು. ಅದಕ್ಕೆ ಮುಖ್ಯವಾದುದು ಸ್ವರದ ಶುದ್ಧತೆಗಿಂತಲೂ ಭಾವದ ಸತ್ಯ.

ಈ ಸಂಗೀತದ ದೊಡ್ಡ ನೆಲೆಗಳಲ್ಲಿ ಮೆಂಫಿಸ್ ಒಂದು. ಓಟಿಸ್ ರೆಡ್ಡಿಂಗ್ ಮೊದಲಾದವರು ಅಲ್ಲಿ ಹಾಡಿ ಹೆಸರಾದರು. ಅಲ್ಲಿನ ಧ್ವನಿಮುದ್ರಣ ಮಂದಿರಗಳಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿ ಕೆಲಸ ಮಾಡುತ್ತಿದ್ದರು. ಆದರೆ ಹೊರಗಿನ ಬೀದಿಗಳಲ್ಲಿ ಅಂತಹ ಸಾಮರಸ್ಯವಿರಲಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದುದು ಅದೇ ನಗರದಲ್ಲಿ. ಮುಷ್ಕರ ಹೂಡಿದ್ದ ಪೌರಕಾರ್ಮಿಕರಿಗೆ ಬೆಂಬಲ ನೀಡಲೆಂದು ಅವರು ಅಲ್ಲಿಗೆ ಬಂದಿದ್ದರು. ಡಸ್ಟಿ ಮೆಂಫಿಸ್ಸಿಗೆ ಕಾಲಿಟ್ಟಾಗ ಆ ಗಾಯ ಇನ್ನೂ ಹಸಿಯಾಗಿತ್ತು.

ಕಪ್ಪು ಜನರ ಹಾಡನ್ನು ಹಾಡಿ ಹಣ ಗಳಿಸಿದ ಬಿಳಿಯ ಗಾಯಕರು ಆ ಕಾಲದಲ್ಲಿ ಹಲವರಿದ್ದರು. ಡಸ್ಟಿಯಾದರೋ ಆ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡವಳು. 1964ರ ಡಿಸೆಂಬರಿನಲ್ಲಿ ಆಕೆ ದಕ್ಷಿಣ ಆಫ್ರಿಕಕ್ಕೆ ಹೋದಳು. ಅಲ್ಲಿ ವರ್ಣಭೇದ ನೀತಿ ಆಚರಣೆಯಲ್ಲಿತ್ತು. ಜನರನ್ನು ಬಣ್ಣದ ಮೇಲೆ ಬೇರ್ಪಡಿಸಿ ಕೂರಿಸುವ ಸಭೆಗಳಲ್ಲಿ ತಾನು ಹಾಡುವುದಿಲ್ಲವೆಂದು ಆಕೆ ಕರಾರಿನಲ್ಲಿಯೇ ಬರೆಯಿಸಿದ್ದಳು. ಆ ಮಾತಿಗೆ ಅಂಟಿಕೊಂಡದ್ದರಿಂದ ಅಲ್ಲಿನ ಸರ್ಕಾರವು ಆಕೆಯನ್ನು ದೇಶದಿಂದ ಹೊರಕ್ಕೆ ಕಳುಹಿಸಿತು. ಮರುವರ್ಷ ಬ್ರಿಟನ್ನಿನ ದೂರದರ್ಶನದ ವಿಶೇಷ ಕಾರ್ಯಕ್ರಮವೊಂದರಲ್ಲಿ ಅಮೆರಿಕದ ಕಪ್ಪು ಗಾಯಕ ಗಾಯಕಿಯರನ್ನು ತಾನೇ ಮುಂದೆ ನಿಂತು ತನ್ನ ದೇಶದ ಜನರಿಗೆ ಪರಿಚಯಿಸಿದಳು.

1968ರಲ್ಲಿ ಆಕೆ ಅಮೆರಿಕದ ಅಟ್ಲಾಂಟಿಕ್ ಎಂಬ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಳು. ಆಕೆ ಬಹಳವಾಗಿ ಮೆಚ್ಚಿದ್ದ ಅರೀಥಾ ಫ್ರ್ಯಾಂಕ್ಲಿನ್ ಹಾಡುತ್ತಿದ್ದುದು ಅದೇ ಸಂಸ್ಥೆಗೆ. ಅರೀಥಾಳ ಗಾನತಟ್ಟೆಗಳನ್ನು ಹೊರತಂದ ಜೆರ್ರಿ ವೆಕ್ಸ್‌ಲರನೇ ಡಸ್ಟಿಯ ಹೊಸ ಗಾನತಟ್ಟೆಯ ನಿರ್ಮಾಪಕನಾದನು. ಟಾಮ್ ಡೌಡ್ ಮತ್ತು ಆರಿಫ್ ಮಾರ್ಡಿನ್ ಅವನಿಗೆ ಜೊತೆಗೂಡಿದರು. ಹಾಡುಗಳ ಆಯ್ಕೆಯೇ ಮೊದಲನೆಯ ತೊಡಕಾಯಿತು. ವೆಕ್ಸ್‌ಲರನು ಕೇಳಿಸಿದ ಹತ್ತಾರು ಹಾಡುಗಳಲ್ಲಿ ಆಕೆ ಒಂದನ್ನೂ ಒಪ್ಪಲಿಲ್ಲ. ಕೆಲಕಾಲದ ಮೇಲೆ ಅದೇ ಹಾಡುಗಳಲ್ಲಿ ಕೆಲವನ್ನು ಮತ್ತೆ ಕೇಳಿಸಿದಾಗ ಆಕೆ ಸಂತೋಷದಿಂದ ಒಪ್ಪಿದಳೆಂದು ಅವನು ಮುಂದೆ ನೆನಪಿಸಿಕೊಂಡಿದ್ದಾನೆ.

ಎರಡನೆಯ ತೊಡಕು ಇನ್ನೂ ಆಳವಾದುದು. ಲಂಡನ್ನಿನಲ್ಲಿ ಡಸ್ಟಿ ದೊಡ್ಡ ವಾದ್ಯಮೇಳದ ನಡುವೆ ಹಾಡಿ ಬೆಳೆದವಳು. ಅಲ್ಲಿ ಎಲ್ಲವನ್ನೂ ಮುಂಚಿತವಾಗಿ ಬರೆದು ಸಿದ್ಧಪಡಿಸುತ್ತಿದ್ದರು. ಧ್ವನಿಮುದ್ರಣದ ಮೇಲ್ವಿಚಾರಣೆಯಲ್ಲಿಯೂ ಆಕೆಯದೇ ಮಾತು ನಡೆಯುತ್ತಿತ್ತು. ಮೆಂಫಿಸ್ಸಿನ ವಾದ್ಯಗಾರರ ರೀತಿ ಬೇರೆ. ಗಿಟಾರ್, ಡ್ರಮ್, ಪಿಯಾನೋ ಮುಂತಾದ ಕೆಲವೇ ವಾದ್ಯಗಳನ್ನು ಹಿಡಿದು, ಒಬ್ಬರ ನುಡಿಸಾಣಿಕೆಗೆ ಮತ್ತೊಬ್ಬರು ಕಿವಿಗೊಟ್ಟು, ಕೂಡಿ ಕುಳಿತಲ್ಲಿಯೇ ಹಾಡಿನ ರೂಪವನ್ನು ಕಟ್ಟುತ್ತಿದ್ದರು. ವಾದ್ಯಗಳ ಗದ್ದಲ ಕಡಮೆಯಾದಷ್ಟೂ ಕಂಠವು ಬಯಲಿನಲ್ಲಿ ನಿಂತಂತಾಗುತ್ತದೆ; ಅಲ್ಲಿ ಅದಕ್ಕೆ ಮರೆ ಇಲ್ಲ. ಅದರ ಮೇಲೆ, ವಿಲ್ಸನ್ ಪಿಕೆಟ್‌ನಂತಹ ಸೋಲ್ ಗಾಯಕನು ಹಾಡಿದ್ದ ಸ್ಥಳವದು. ಅಂತಹವರು ನಿಂತು ಹಾಡಿದ ಕಡೆಯಲ್ಲಿ ತಾನು ನಿಂತು ಹಾಡಿದರೆ ಹೋಲಿಕೆಗೆ ತಾಳಿಕೊಂಡೇನೇ ಎಂಬ ಶಂಕೆ ಆಕೆಯನ್ನು ಕಾಡಿತು. ವಾದ್ಯಗಳ ಮುದ್ರಣ ಮುಗಿದರೂ ಆಕೆಯ ಗಾಯನ ಕೈಗೂಡಲಿಲ್ಲ.

ಕೊನೆಗೆ ಗಾಯನವನ್ನು ನ್ಯೂಯಾರ್ಕಿನಲ್ಲಿ ಮುದ್ರಿಸಬೇಕಾಯಿತು. ಕಿವಿಗೆ ತೊಡುವ ಧ್ವನಿಸಾಧನದಲ್ಲಿ ವಾದ್ಯಗಳ ಸದ್ದನ್ನು ಅತಿಯಾಗಿ ಏರಿಸಿ, ತನ್ನ ಸ್ವರ ತನಗೇ ಕೇಳಿಸದಂತೆ ಮಾಡಿಕೊಂಡು ಆಕೆ ಹಾಡಿದಳೆಂದು ನಿರ್ಮಾಪಕನು ಹೇಳಿದ್ದಾನೆ. ತನ್ನ ದನಿಯನ್ನು ತಾನೇ ಅಳೆದು ತೂಗಿ ಹೆದರುತ್ತಿದ್ದವಳು, ಆ ದನಿಯನ್ನು ಮರೆತಾಗ ಹಾಡಬಲ್ಲವಳಾದಳು! ಆಕೆ ಕಪ್ಪು ಗಾಯಕಿಯರ ಏರುದನಿಯನ್ನು ಅನುಕರಿಸಲು ಹೋಗಲಿಲ್ಲ. ಸ್ವರವನ್ನು ತಗ್ಗಿಸಿ, ಪಿಸುಮಾತಿಗೆ ಸಮೀಪವಾದ ಮೃದುತ್ವದಿಂದ, ಹೇಳುವುದಕ್ಕಿಂತ ಹೆಚ್ಚನ್ನು ಒಳಗೇ ಉಳಿಸಿಕೊಂಡವಳಂತೆ ಹಾಡಿದಳು. ಅರೀಥಾಳಿಗೆ ಹಿಮ್ಮೇಳ ಹಾಡುತ್ತಿದ್ದ ಸ್ವೀಟ್ ಇನ್ಸ್‌ಪಿರೇಷನ್ಸ್ ಎಂಬ ಮಹಿಳಾ ವೃಂದವು ಈ ಹಾಡುಗಳಿಗೂ ದನಿಗೂಡಿಸಿತು.

ಹನ್ನೊಂದು ಹಾಡುಗಳ ಆ ಗಾನತಟ್ಟೆಯು 1969ರಲ್ಲಿ 'ಡಸ್ಟಿ ಇನ್ ಮೆಂಫಿಸ್' ಎಂಬ ಹೆಸರಿನಿಂದ ಪ್ರಕಟವಾಯಿತು. ಅದರಲ್ಲಿನ 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಎಂಬ ಹಾಡೊಂದು ಎರಡು ದೇಶಗಳಲ್ಲಿಯೂ ಜನಪ್ರಿಯವಾಯಿತು. ಆದರೆ ಒಟ್ಟು ಗಾನತಟ್ಟೆಯು ಅಮೆರಿಕದ ಪಟ್ಟಿಯಲ್ಲಿ 99ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಆಕೆಯ ಸ್ವದೇಶದ ಪಟ್ಟಿಯಲ್ಲಂತೂ ಅದಕ್ಕೆ ಸ್ಥಾನವೇ ಸಿಗಲಿಲ್ಲ. ಇಷ್ಟು ಸಂಕಟಪಟ್ಟು ಮಾಡಿದ ಕೆಲಸಕ್ಕೆ ಜಗತ್ತು ಕೊಟ್ಟ ಮೊದಲ ಉತ್ತರ ಅದು.

ಕಾಲವು ನಿಧಾನವಾಗಿ ಬೇರೆಯ ತೀರ್ಪನ್ನು ನೀಡಿತು. ಕೇಳುಗರು ಆ ಗಾನತಟ್ಟೆಗೆ ಮತ್ತೆ ಮತ್ತೆ ಮರಳಿದರು. 1999ರ ಮಾರ್ಚ್ 2ರಂದು ಡಸ್ಟಿ ತೀರಿಕೊಂಡಳು. 2020ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವು, ರಾಷ್ಟ್ರವು ಶಾಶ್ವತವಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಆ ಕೃತಿಯನ್ನು ಸೇರಿಸಿರುವುದಾಗಿ ಪ್ರಕಟಿಸಿತು.

ಅದಕ್ಕೂ ಬಹಳ ಮುಂಚೆಯೇ ಇನ್ನೊಂದು ಮನ್ನಣೆ ಆಕೆಗೆ ಸಂದಿತ್ತು. ಜನಪ್ರಿಯವಾದ ಆ ಒಂದು ಹಾಡನ್ನು ಮೊದಲು ಉದ್ದೇಶಿಸಿದ್ದುದು ಧರ್ಮೋಪದೇಶಕನ ಮಗಳಾದ ಅರೀಥಾಳಿಗೆ. ಆಗ ಅವಳು ಅದನ್ನು ಹಾಡಲಿಲ್ಲ. ಡಸ್ಟಿಯ ಕಂಠದಲ್ಲಿ ಅದು ಹೊರಬಂದ ಮೇಲೆ, 1970ರ ತನ್ನ ಗಾನತಟ್ಟೆಯಲ್ಲಿ ಅರೀಥಾ ತಾನೂ ಅದನ್ನು ಹಾಡಿದಳು. ಯಾರ ಹೋಲಿಕೆಗೆ ಹೆದರಿ ಡಸ್ಟಿಯ ಸ್ವರ ಅಡಗಿತ್ತೋ ಅಂತಹವರಲ್ಲಿ ಒಬ್ಬಳು, ಡಸ್ಟಿ ಹಾಡಿದ ಹಾಡಿಗೆ ಹೀಗೆ ದನಿಯಾದಳು.

ಪರರ ಸಂಪತ್ತನ್ನು ಮುಟ್ಟುವಾಗ ಕೈ ನಡುಗುವುದು ಅವಮಾನವಲ್ಲ. ಅದರ ಬೆಲೆಯನ್ನು ಬಲ್ಲವನ ಕೈ ಮಾತ್ರ ಹಾಗೆ ನಡುಗುತ್ತದೆ. ಡಸ್ಟಿಯ ಅಳುಕು ಅಂತಹುದು. ಅದು ಆಕೆಯನ್ನು ಕೆಲಕಾಲ ತಡೆಯಿತು. ಆದರೆ ಬರಿಯ ಅನುಕರಣೆಯಿಂದಲೂ ಅದೇ ಆಕೆಯನ್ನು ಕಾಪಾಡಿತು.