ಮೊದಲು ಒಂದು ನೋಟ್‌ಬುಕ್ ತನ್ನಿ

ಕಳೆದ ವಾರ ನೀವು ಮೂವರು ವಿಜಯನಗರದ ನಮ್ಮ ಮನೆಗೆ ಬಂದಿರಿ. ಕಾಲೇಜಿನಲ್ಲಿ ಇತಿಹಾಸ ಸಂಘ ಕಟ್ಟುತ್ತಿದ್ದೇವೆ, ಉದ್ಘಾಟನೆಗೆ ಬರಬೇಕು ಅಂದಿರಿ. ಬರುತ್ತೇನೆ ಅಂದೆ. ಕಾಫಿ ಕುಡಿದು ನೀವು ಹೊರಟ ಮೇಲೆ, ಹೇಳಬೇಕಾದ ಮಾತನ್ನೇ ಹೇಳಲಿಲ್ಲವಲ್ಲ ಅಂತ ರಾತ್ರಿಯೆಲ್ಲ ಕೊರೆಯಿತು. ವೇದಿಕೆಯಲ್ಲಿ ಮೈಕ್ ಮುಂದೆ ಇಂಥದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

‘ಎಚ್‌ಇಪಿ ತಗೊಂಡಿದ್ದೀನಿ ಸಾರ್, ನೆಂಟರೆಲ್ಲ ಮುಂದೇನು ಅಂತ ಕೇಳ್ತಾರೆ’ ಅಂತ ನಿಮ್ಮಲ್ಲೊಬ್ಬಳು ತಲೆ ತಗ್ಗಿಸಿ ಹೇಳಿದಳು. ತಲೆ ತಗ್ಗಿಸಬೇಡ ತಾಯಿ. ನೀನು ಆರಿಸಿಕೊಂಡ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಒಳ್ಳೆಯ ವಿಷಯಗಳೇ. ಇತಿಹಾಸವನ್ನು ಪುಸ್ತಕದ ಆಚೆಗೂ ಓದಬಹುದು ಅನ್ನುವುದನ್ನು ತೋರಿಸಿಕೊಡುವ ಕೆಲಸ ನಿಮ್ಮ ಸಂಘದ್ದು.

ನಾನೂ ಓದುವಾಗ ಸಂಘದ ಕಾರ್ಯದರ್ಶಿಯಾಗಿದ್ದವನು. ವರ್ಷಕ್ಕೊಂದು ಉದ್ಘಾಟನೆ, ಒಂದು ಸಮಾರೋಪ, ನಡುವೆ ಬೇಲೂರು ಹಳೇಬೀಡಿಗೆ ಒಂದು ಬಸ್ಸು. ಹಾರ, ಶಾಲು, ಗ್ರೂಪ್ ಫೋಟೊ. ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಮೂರು ವರ್ಷದಲ್ಲಿ ನಾವು ತಿಳಿದುಕೊಂಡದ್ದು ಇದು ಅಂತ ತೋರಿಸಲು ಇವತ್ತು ನನ್ನ ಹತ್ತಿರ ಒಂದು ಹಾಳೆಯೂ ಇಲ್ಲ. ಅದೇ ಮೂರು ವರ್ಷ ನಾನು ಬಸ್‌ಸ್ಟಾಪಿಗೆ ನಡೆದು ಹೋಗುತ್ತಿದ್ದ ಓಣಿಯ ಕೊನೆಯಲ್ಲಿ, ಚರಂಡಿಗೆ ಅಡ್ಡಲಾಗಿ ಒಂದು ಹಾಸುಗಲ್ಲು ಇತ್ತು. ಮಳೆ ಬಂದು ತೊಳೆದಾಗ ಅದರ ಅಂಚಿನಲ್ಲಿ ಹಳಗನ್ನಡದ ಅಕ್ಷರಗಳು ಕಾಣುತ್ತಿದ್ದವು. ನಾಲ್ಕೈದು ಸಾಲು ಇದ್ದಿರಬೇಕು. ಒಂದು ದಿನ ಬಿಡುವು ಮಾಡಿಕೊಂಡು ಓದಬೇಕು ಅಂದುಕೊಂಡೇ ದಾಟುತ್ತಿದ್ದೆ. ಒಂದು ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಿದರು. ಕಲ್ಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಯಾವ ಊರಿನ ಹೆಸರಿತ್ತು, ಯಾರು ಯಾರಿಗೆ ಏನು ಕೊಟ್ಟರು, ಯಾರು ಸತ್ತರು, ಇನ್ನು ತಿಳಿಯುವ ದಾರಿಯೇ ಇಲ್ಲ. ಇತಿಹಾಸದಲ್ಲಿ ಪದವಿ ಪಡೆದವನು ದಿನಕ್ಕೆರಡು ಬಾರಿ ಅದನ್ನು ತುಳಿದುಕೊಂಡು ಓಡಾಡಿದ. ಈ ನೋವು ನನಗೆ ಇನ್ನೂ ಆರಿಲ್ಲ.

ಅದಕ್ಕೇ ಹೇಳುತ್ತೇನೆ. ಸಂಘಕ್ಕೆ ಬ್ಯಾನರ್ ಬರೆಸುವ ಮೊದಲು ಒಂದು ದಪ್ಪ ರಟ್ಟಿನ ನೋಟ್‌ಬುಕ್ ತನ್ನಿ. ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು, ತಾರೀಖು ಸ್ಥಳ ಹಾಕಿ ಅದರಲ್ಲಿ ಬರೆಯಿರಿ. ಸಂಘದ ಆಸ್ತಿ ಅಂದರೆ ಅದೊಂದೇ. ನೀವು ಪಾಸಾಗಿ ಹೋದ ಮೇಲೂ ಅದು ಉಳಿಯಬೇಕು.

ಒಂದು ಕಲ್ಲಿನಿಂದ ಏನಾಗುತ್ತದೆ ಅಂತ ಕೇಳಬಹುದು. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ ಕಥೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿದೆ. ಸುಮಾರು ಕ್ರಿ.ಶ. 890ರ ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತಿದೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅವನು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹಿಂದೆಯೇ ಬೆಂಗಳೂರು ಅನ್ನುವ ಹೆಸರು ಕಲ್ಲಿನ ಮೇಲೆ ಕೂತಿತ್ತು. ಒಂದು ಕಲ್ಲು ಇಡೀ ಊರಿನ ಕಥೆಯನ್ನು ತಿದ್ದಿತು. ಇನ್ನೊಂದು ನೋಡಿ: 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ನಮ್ಮ ಓಣಿಯ ಚರಂಡಿಯ ಮೇಲಿದ್ದ ಕಲ್ಲು ರಸ್ತೆಯ ಕೆಲಸದಲ್ಲಿ ಹೋಯಿತು, ಆ ಕಲ್ಲು ಚರಂಡಿಯ ಕೆಲಸದಲ್ಲಿ ಸಿಕ್ಕಿತು. ಅಲ್ಲಿ ಅದರ ಬೆಲೆ ಬಲ್ಲವರು ಹತ್ತಿರದಲ್ಲಿದ್ದರು, ಸುದ್ದಿ ತಿಳಿದ ಕೂಡಲೇ ಓಡಿ ಹೋದರು. ವ್ಯತ್ಯಾಸ ಇಷ್ಟೇ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟ 1905ರಲ್ಲಿ ಬಂತು. ಬೆಂಗಳೂರು ಜಿಲ್ಲೆಯಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳು ಅದರಲ್ಲಿವೆ. ಮೊದಲ ತಿಂಗಳ ಕೆಲಸ ಅಂತ ಅದನ್ನು ಹಿಡಿದು ಕೂರಿ. ಈಗ ನಾವು ರಾಜಾಜಿನಗರ, ಬಸವೇಶ್ವರನಗರ ಅನ್ನುವ ಹೆಸರುಗಳು ಅದರಲ್ಲಿ ಸಿಗುವುದಿಲ್ಲ. ರಾಜಾಜಿನಗರದ ಹೆಸರು ಬಂದದ್ದೇ 1949ರ ಸುಮಾರಿಗೆ, ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿದ್ದಾಗ. ಇಂಥ ಬಡಾವಣೆಗಳ ಅಡಿಯಲ್ಲಿರುವ ಹಳ್ಳಿಗಳನ್ನು ಹುಡುಕಬೇಕು: ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಈ ಕಡೆ ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ, ಆಚೆ ನಾಗರಭಾವಿ, ಮಲ್ಲತ್ತಹಳ್ಳಿ, ಕೆಂಗೇರಿ. ಮನೆಮನೆಯ ವಿಳಾಸದ ಕೆಳಗೆ ಒಂದೊಂದು ಹಳೇ ಊರು ಮಲಗಿದೆ. ಪುಸ್ತಕದಲ್ಲಿ ಹೆಸರು ಸಿಕ್ಕಿದರೆ ಆ ಕಲ್ಲು ಈಗಲೂ ಅಲ್ಲಿದೆಯೇ ಅಂತ ಕಾಲಿಗೆ ಚಪ್ಪಲಿ ಮೆಟ್ಟಿ ಹೋಗಿ ನೋಡಿ. ಇದ್ದರೆ ‘ಇದೆ’ ಅಂತ ಬರೆಯಿರಿ. ಇಲ್ಲದಿದ್ದರೆ ‘ಇಲ್ಲ’ ಅಂತ ಬರೆಯಿರಿ. ಎರಡೂ ದಾಖಲೆಯೇ.

ಕಲ್ಲು ಕಂಡಾಗ ಅರಿಸಿನ ಬಳಿಯಬೇಡಿ, ಪೇಂಟ್ ಅಂತೂ ಬೇಡವೇ ಬೇಡ, ಮೊಳೆಯಿಂದ ಕೆರೆದು ಅಕ್ಷರ ಬಿಡಿಸಬೇಡಿ. ನೀರು, ಮೆತ್ತನೆಯ ಬ್ರಷ್ಷು ಸಾಕು. ಸಂಜೆ ಇಳಿಬಿಸಿಲು ಪಕ್ಕದಿಂದ ಬೀಳುವ ಹೊತ್ತಿಗೆ ಹೋಗಿ. ಇಲ್ಲವೇ ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಹಿಡಿಯಿರಿ. ನಡುಹಗಲಲ್ಲಿ ಬರೀ ಬಂಡೆಯಾಗಿದ್ದದ್ದು ಆಗ ಅಕ್ಷರವಾಗುತ್ತದೆ. ಅಚ್ಚು ತೆಗೆಯುವುದನ್ನು ತಿಳಿದವರ ಜೊತೆ ನಿಂತು ಒಮ್ಮೆ ನೋಡಿ. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಹೋಗುತ್ತಾರೆ, ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಮೇಲೆ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗುತ್ತದೆ, ಕುಳಿಯ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಸಾವಿರ ವರ್ಷದ ಹಿಂದೆ ಒಬ್ಬ ರೂವಾರಿ ಕೊರೆದ ‘ಕ’ಕಾರ ಹಾಗೆ ಕಣ್ಣೆದುರು ಏಳುವುದನ್ನು ಒಮ್ಮೆ ಕಂಡವರು ಈ ವಿಷಯವನ್ನು ಜೀವಮಾನದಲ್ಲಿ ಬಿಡುವುದಿಲ್ಲ. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೂ ಸ್ಕ್ಯಾನ್ ಮಾಡಬೇಕಾದರೆ ಕಲ್ಲು ಇಲ್ಲಿದೆ ಅಂತ ಯಾರಾದರೂ ಹೇಳಬೇಕು. ಆ ಯಾರಾದರೂ ನೀವಾಗಬಹುದು.

ಕಲ್ಲೇ ಬೇಕು ಅಂತಲೂ ಇಲ್ಲ. ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಅನ್ನುವ ಬಸ್‌ಸ್ಟಾಪ್ ನಿಮಗೆ ಗೊತ್ತು. ಅಲ್ಲಿ ಈಗ ಟೋಲೂ ಇಲ್ಲ, ಗೇಟೂ ಇಲ್ಲ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸುಂಕದಕಟ್ಟೆ. ಒಂದು ಹೆಸರು ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ, ಎರಡೂ ಸುಂಕದ್ದೇ ಮಾತು. ಯಾವುದು ಮೊದಲು? ಯಾವ ಸರಕಿಗೆ, ಯಾರು ವಸೂಲಿ ಮಾಡುತ್ತಿದ್ದರು? ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ, ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಅದರ ಬಾಗಿಲಿಗೆ ಇಳಿಯಬಹುದು. ಒಂದು ಸೆಮಿಸ್ಟರ್ ಪೂರ್ತಿ ಈ ಒಂದು ಪ್ರಶ್ನೆಗೆ ಕೊಟ್ಟರೂ ನಷ್ಟವಿಲ್ಲ. ಹೀಗೇ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳು, 1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಕೆಂಗೇರಿಯಲ್ಲಿ ಹಾಕಿದ ರೇಷ್ಮೆ ಕಾರ್ಖಾನೆ. ಎಲ್ಲ ನಿಮ್ಮ ಬಸ್ ಪಾಸಿನ ಅಳತೆಯೊಳಗೇ ಇವೆ.

ಆದರೆ ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ. ಕಲ್ಲು ಇನ್ನಷ್ಟು ವರ್ಷ ಕಾಯಬಹುದು, ಮನುಷ್ಯರು ಕಾಯುವುದಿಲ್ಲ.

ನಿಮ್ಮ ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ಮಿನರ್ವ ಮಿಲ್ಸ್ ಪ್ರಕರಣ ಬರುತ್ತದೆ. 1980ರ ಜುಲೈ 31ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, 42ನೇ ತಿದ್ದುಪಡಿಯ ಭಾಗಗಳನ್ನು ಹೊಡೆದು ಹಾಕಿತು, ಸಂವಿಧಾನದ ಮೂಲ ರಚನೆಯನ್ನು ಕಾಪಾಡಿತು. ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೀರಿ. ಆ ಮಿನರ್ವ ಮಿಲ್ಲು ಎಲ್ಲಿತ್ತು ಅಂತ ಕೇಳಿದೆ, ಮೂವರೂ ಮುಖ ಮುಖ ನೋಡಿಕೊಂಡಿರಿ. ಇಲ್ಲೇ, ಮಾಗಡಿ ರಸ್ತೆಯ ಪಕ್ಕ, ಗೋಪಾಲಪುರದಲ್ಲಿ. ನೀವು ಮೆಜೆಸ್ಟಿಕ್ಕಿಗೆ ಹೋಗುವಾಗ ದಾಟುವ ಜಾಗದ ಹತ್ತಿರ. ದೇಶದ ಕಾನೂನಿನ ಪುಸ್ತಕಗಳಲ್ಲೆಲ್ಲ ಆ ಹೆಸರಿದೆ. 1974ರಲ್ಲಿ ಸರ್ಕಾರ ಆ ಮಿಲ್ಲನ್ನು ರಾಷ್ಟ್ರೀಕರಣ ಮಾಡಿದಾಗ ಮಗ್ಗದ ಮುಂದೆ ನಿಂತಿದ್ದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದರ ಆಚೆ ಬಿನ್ನಿಪೇಟೆ. 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆಯ ಬಿನ್ನಿ ಮಿಲ್ಲಿನಿಂದ ಒಂದು ಪೇಟೆಗೇ ಹೆಸರು ಬಂತು. ಅಲ್ಲಿ ದುಡಿದವರು, ಅವರ ಮಕ್ಕಳು ಈಗಲೂ ಚೋಳೂರಪಾಳ್ಯ, ವಿಜಯನಗರ, ಅಗ್ರಹಾರ ದಾಸರಹಳ್ಳಿಯ ಸಣ್ಣ ಮನೆಗಳಲ್ಲಿದ್ದಾರೆ. ನಿಮ್ಮಲ್ಲೇ ಯಾರೋ ಒಬ್ಬರ ಅಜ್ಜ ಮಿಲ್ ಕೆಲಸದವರಿರಬಹುದು. ವಿಚಾರಿಸಿದ್ದೀರಾ?

ಹೋಗಿ ಕೂತು ಕೇಳಿ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಸೈರನ್ ಎಷ್ಟು ಹೊತ್ತಿಗೆ ಕೂಗುತ್ತಿತ್ತು ಅಂತ ಕೇಳಿ. ರಾತ್ರಿ ಪಾಳಿ ಮುಗಿಸಿ ಹೇಗೆ ಮನೆಗೆ ಬರುತ್ತಿದ್ದಿರಿ, ಸಂಬಳದ ದಿನ ಗೇಟಿನ ಹೊರಗೆ ಯಾರ್‍ಯಾರು ಕಾದಿರುತ್ತಿದ್ದರು, ಚೀಟಿ ಯಾರು ನಡೆಸುತ್ತಿದ್ದರು, ಮೊದಲ ಸಂಬಳದಲ್ಲಿ ಏನು ಕೊಂಡಿರಿ, ಹತ್ತಿ ಧೂಳಿಗೆ ಕೆಮ್ಮು ಬಂದಾಗ ಏನು ಮಾಡುತ್ತಿದ್ದಿರಿ. ಆಗ ನೋಡಿ ಮಾತು ಹೇಗೆ ಬರುತ್ತದೆ. ನಡುವೆ ಬಾಯಿ ಹಾಕಬೇಡಿ. ಅವರು ತಪ್ಪು ಇಸವಿ ಹೇಳಿದರೂ ಅಲ್ಲೇ ತಿದ್ದಬೇಡಿ, ಪಕ್ಕದಲ್ಲಿ ಗುರುತು ಹಾಕಿಕೊಂಡು ಆಮೇಲೆ ತಾಳೆ ನೋಡಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಬರೆದದ್ದನ್ನು ಮತ್ತೆ ಹೋಗಿ ಅವರಿಗೆ ಓದಿ ಹೇಳಿ, ಒಂದು ಪ್ರತಿ ಕೊಟ್ಟು ಬನ್ನಿ. ಅವರು ಬೇಡ ಅಂದ ಮಾತನ್ನು ಬಿಟ್ಟುಬಿಡಿ. ಹಳೇ ಸಂಬಳದ ಚೀಟಿ, ಯೂನಿಯನ್ ರಸೀದಿ ತೋರಿಸಿದರೆ ಫೋಟೊ ತೆಗೆದು ಅಲ್ಲೇ ಹಿಂತಿರುಗಿಸಿ, ಮನೆಗೆ ಒಯ್ಯಬೇಡಿ.

ಇದೆಲ್ಲ ಹುಡುಗರ ಕೈಲಾಗುತ್ತದೆಯೇ ಅನ್ನುವವರು ಇರುತ್ತಾರೆ. ಅಮೆರಿಕದ ಫೈ ಆಲ್ಫಾ ಥೀಟಾ ಅನ್ನುವ ಇತಿಹಾಸ ಸಂಘ 1921ರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಷ್ಟ್ರು ಕರೆದ ವಿದ್ಯಾರ್ಥಿಗಳ ಕೂಟವಾಗಿಯೇ ಶುರುವಾದದ್ದು, ಇವತ್ತು ದೇಶದ ತುಂಬ ಹರಡಿದೆ. ಅಷ್ಟು ದೂರ ಯಾಕೆ, ನಮ್ಮ ಸೂರ್ಯನಾಥ ಕಾಮತರನ್ನೇ ನೋಡಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ, ರಾಜ್ಯ ಗ್ಯಾಸೆಟಿಯರ್‌ನ ಪ್ರಧಾನ ಸಂಪಾದಕರಾಗಿ ದುಡಿದು, ಅದರ ಜೊತೆಗೇ ಕರ್ನಾಟಕ ಇತಿಹಾಸ ಅಕಾದೆಮಿ ಕಟ್ಟಿದರು. ಅದರ ವಾರ್ಷಿಕ ಸಮ್ಮೇಳನದಲ್ಲಿ ದೊಡ್ಡ ಪ್ರೊಫೆಸರುಗಳ ಜೊತೆ ಊರಿನ ಶಾಲಾ ಮೇಷ್ಟ್ರೂ ತಾವು ಕಂಡ ಶಾಸನದ ಬಗ್ಗೆ ಕನ್ನಡದಲ್ಲಿ ಪ್ರಬಂಧ ಓದುತ್ತಾರೆ, ಅವು ‘ಇತಿಹಾಸ ದರ್ಶನ’ ಸಂಪುಟದಲ್ಲಿ ಅಚ್ಚಾಗುತ್ತವೆ. ನಿಮ್ಮ ನೋಟ್‌ಬುಕ್ಕಿನ ಒಂದು ಬರಹ ಅಲ್ಲಿಗೆ ಹೋಗುವ ಮಟ್ಟಕ್ಕೆ ಬರಲಿ ಅನ್ನುವ ಆಸೆ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದು ಕಟುವಾದರೂ ಹೇಳಲೇಬೇಕು. ಸಂಘದ ಹೆಸರು ಕೇಳಿದ ಕೂಡಲೇ ಕೆಲವರು ಬರುತ್ತಾರೆ. ನಮ್ಮ ಜಾತಿಯ ರಾಜನ ಬಗ್ಗೆ ಕಾರ್ಯಕ್ರಮ ಮಾಡಿ, ಅವರ ರಾಜನ ಬಗ್ಗೆ ಮಾಡಬೇಡಿ ಅನ್ನುತ್ತಾರೆ. ಖರ್ಚು ನಾವು ಕೊಡುತ್ತೇವೆ ಅಂತಲೂ ಅನ್ನುತ್ತಾರೆ. ಜಗಳ ಆಡಬೇಡಿ. ‘ದಾಖಲೆ ಎಲ್ಲಿದೆ, ತೋರಿಸಿ’ ಅಂತ ಮಾತ್ರ ಕೇಳಿ, ಆ ಹಣ ಮುಟ್ಟಬೇಡಿ. ನಿಮ್ಮ ಪಕ್ಕದ ಜ್ಞಾನಭಾರತಿಗೆ ಈ ಪ್ರಶ್ನೆ ಹೊಸದಲ್ಲ. ಎಚ್. ನರಸಿಂಹಯ್ಯನವರು ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ನೇಮಿಸಿದ್ದರು. ಎದುರಿಗೆ ಎಂಥವರಿದ್ದರೂ ಪ್ರಶ್ನೆ ಕೇಳಲು ಅವರು ಹಿಂಜರಿಯಲಿಲ್ಲ. ಅದೇ ಪ್ರಶ್ನೆಯನ್ನು ನಿಮಗೆ ಇಷ್ಟವಾದ ಕಥೆಗೂ ಕೇಳಿ. ನಿಮ್ಮ ಊರಿನ, ನಿಮ್ಮ ಮನೆತನದ ಕಥೆಗೂ ಕೇಳಿ. ಅದು ಕಷ್ಟ, ನನಗೆ ಗೊತ್ತು.

ಉದ್ಘಾಟನೆಗೆ ನಾನು ಬರುತ್ತೇನೆ. ಶಾಲು ಹಾರ ತರಬೇಡಿ, ಆ ದುಡ್ಡಿಗೆ ನೋಟ್‌ಬುಕ್ ಕೊಳ್ಳಿ. ಅದಕ್ಕೂ ಮೊದಲು ಬರುವ ಭಾನುವಾರ ನಮ್ಮ ಮನೆಗೆ ಬನ್ನಿ. ನಮ್ಮ ಹಿಂದಿನ ಬೀದಿಯಲ್ಲಿ ಮಿಲ್ಲಿನಲ್ಲಿ ಇಪ್ಪತ್ತೇಳು ವರ್ಷ ದುಡಿದ ಹಿರಿಯರೊಬ್ಬರಿದ್ದಾರೆ, ಎಂಬತ್ತು ದಾಟಿದೆ. ನಿಮ್ಮ ವಿಷಯ ಹೇಳಿದ್ದೇನೆ. ಬೆಳಗ್ಗೆ ಹತ್ತರ ಮೇಲೆ ಜಗುಲಿಯಲ್ಲಿ ಕೂತಿರುತ್ತಾರೆ, ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಬಲಗಡೆ ಕೂತು ಮಾತಾಡಿಸಿ.