ಹೂವಿಲ್ಲದೆ ಹೆಸರಿಲ್ಲ

ಮಲೆನಾಡಿನವನಾದ ನನಗೆ ಬಿದಿರು ಎಂದರೆ ಮುಳ್ಳಿನ ಮೆಳೆ, ಏಣಿ, ಕಳಲೆ ಪಲ್ಯ. ಸಂಶೋಧನೆಗೆಂದು ಬ್ರೆಜಿಲ್‌ನ ದಕ್ಷಿಣ ಬಾಹಿಯಾದ ಮಳೆಕಾಡಿಗೆ ಹೋದ ಮೇಲೆ ನೆಲ ನೋಡಿಕೊಂಡು ನಡೆಯುವುದನ್ನು ಕಲಿತೆ. ಕೋಕೋ ತೋಟಗಳ ನಡುವೆ ತುಂಡುತುಂಡಾಗಿ ಉಳಿದಿರುವ ಆ ಕಾಡಿನಲ್ಲಿ ಮೆದುಕಾಂಡದ ಬಿದಿರುಗಳಿವೆ; ಹಲವು ಮೊಣಕಾಲೆತ್ತರವೂ ಬೆಳೆಯವು. ಇವು ಒಲೈರೀ ಗುಂಪಿನವು. ಈ ಗುಂಪಿನ ಬಹುಪಾಲು ಪ್ರಭೇದಗಳ ನೆಲೆ ಅಮೆರಿಕದ ಉಷ್ಣವಲಯ. ನಮ್ಮ ಪಶ್ಚಿಮಘಟ್ಟದಲ್ಲಿ ಸಹಜವಾಗಿ ಒಂದೂ ಬೆಳೆಯುವುದಿಲ್ಲ.

ಕಲಿತ ಮೊದಲ ಪಾಠ: ಎಲೆಯನ್ನಷ್ಟೇ ನಂಬಬಾರದು. ರಾಡಿಯಾ ಕುಲದ ಕೆಲವು ಗಿಡಗಳು ಥೇಟ್ ಜರೀಗಿಡದಂತಿವೆ. ನೆರಳು, ತೇವ ಬದಲಾದರೆ ಎಲೆಯ ಅಳತೆಯೂ ಬದಲಾಗುತ್ತದೆ. ಗುರುತು ಇರುವುದು ಹೂವಿನಲ್ಲಿ. ಗಂಡು, ಹೆಣ್ಣು ಹೂಗಳು ಇಲ್ಲಿ ಬೇರೆಬೇರೆ. ಕೇಸರ ಎಷ್ಟು, ಹೆಣ್ಣು ಹೂವಿನ ಗಟ್ಟಿ ಹೊದಿಕೆ ನುಣುಪೋ ರೋಮವಿದೆಯೋ ಎಂದು ಸೂಕ್ಷ್ಮದರ್ಶಕದಡಿ ನೋಡಬೇಕು. ಡಯಾಂಡ್ರೋಲೈರಾದಲ್ಲಿ ಕೇಸರ ಎರಡೇ. ಪರಿಯಾನಾದಲ್ಲಿ ಹತ್ತಾರು ಇರುವುದೂ ಉಂಟು, ಅದರ ಹೂವಿಗೆ ಕೀಟಗಳೂ ಬರುತ್ತವೆ. ಹುಲ್ಲಿನ ಕುಟುಂಬದಲ್ಲಿ ಇದು ಅಪರೂಪ.

ಎರಡನೆಯದು, ಹೂವನ್ನು ಎಲ್ಲಿ ಹುಡುಕಬೇಕೆಂಬುದು. ನಮ್ಮ ಬಿದಿರಿನಂತೆ ಇವು ದಶಕಗಟ್ಟಲೆ ಕಾಯಿಸುವುದಿಲ್ಲ, ಒಮ್ಮೆ ಹೂಬಿಟ್ಟು ಸಾಯುವುದೂ ಇಲ್ಲ. ಆದರೆ ಪಿರೇಸಿಯಾದ ಹೂಗೊಂಚಲು ತರಗೆಲೆಯ ಅಡಿಯಲ್ಲಿ ಅಡಗಿರುತ್ತದೆ. ಎರೆಮಿಟಿಸ್ ಕೆಲವು ಹೂಗಳನ್ನು ಮಣ್ಣಿನೊಳಕ್ಕೇ ಇಳಿಸುತ್ತದೆ. ದರಗು ಸರಿಸಿ, ಬುಡ ಕೆದಕಿದವನಿಗಷ್ಟೇ ಅವು ಸಿಗುತ್ತವೆ. ಕೆಲವು ಗಿಡಗಳು ರಾತ್ರಿ ಎಲೆ ಮಡಚುತ್ತವೆ. ಈ ನಡತೆಯಾಗಲಿ, ಹೂವಿನ ಬಣ್ಣವಾಗಲಿ ಒಣಗಿಸಿದ ಮಾದರಿಯಲ್ಲಿ ಉಳಿಯದು. ಅಲ್ಲಿಯೇ ನಿಂತು ಬರೆದುಕೊಳ್ಳಬೇಕು.

ಮೂರನೆಯದು, ಹೊಸದೆನ್ನುವ ಮುಂಚೆ ಹಳೆಯದನ್ನು ಓದುವುದು. ಪ್ಯಾರಿಸ್‌ನಲ್ಲಿ ಬೆಳೆಸಿದ್ದ ಗಿಡ ನೋಡಿ ಫ್ರೆಂಚ್ ಸಸ್ಯವಿಜ್ಞಾನಿ ಬ್ರೋನ್ಯಾರ್ 1851ರಲ್ಲಿ ಅನೊಮೊಕ್ಲೋವಾವನ್ನು ವರ್ಣಿಸಿದ. ನೂರಕ್ಕೂ ಹೆಚ್ಚು ವರ್ಷ ಕಾಡಿನಲ್ಲಿ ಅದರ ಸುಳಿವಿರಲಿಲ್ಲ. 1976ರಲ್ಲಿ ಸಸ್ಯವಿಜ್ಞಾನಿ ಕ್ಲಿಯೊಫೆ ಕಾಲ್ಡೆರಾನ್ ಅದನ್ನು ಬಾಹಿಯಾದಲ್ಲಿ ಮತ್ತೆ ಕಂಡರು. ಬಿದಿರಿನ ಸಾಲಿನಲ್ಲಿದ್ದ ಆ ಗಿಡವನ್ನು ಡಿಎನ್‌ಎ ಅಧ್ಯಯನಗಳು ಹುಲ್ಲಿನ ಕುಟುಂಬದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಶಾಖೆಗೆ ಸೇರಿಸಿವೆ.

2012ರಿಂದ ಹೊಸ ಪ್ರಭೇದದ ವಿವರಣೆಗೆ ಲ್ಯಾಟಿನ್ ಕಡ್ಡಾಯವಲ್ಲ, ಇಂಗ್ಲಿಷ್ ಸಾಕು. ಆದರೆ ಹೆಸರಿಗೆ ಆಧಾರವಾದ ಟೈಪ್ ಮಾದರಿ ಹರ್ಬೇರಿಯಂನಲ್ಲಿ ಇರಲೇಬೇಕು; ಅನುಮಾನ ಬಂದವರು ಅದನ್ನು ತೆಗೆದು ನೋಡುವಂತಿರಬೇಕು.

ಕಾಡಿಗೆ ಹೋಗುವ ವಿದ್ಯಾರ್ಥಿಗಳಿಗೆ ನನ್ನದೊಂದೇ ಮಾತು: ಹೂವಿಲ್ಲದ, ಬುಡವಿಲ್ಲದ, ಟಿಪ್ಪಣಿಯಿಲ್ಲದ ಮಾದರಿ ತರಬೇಡಿ. ಗಿಡವೂ ಹೋಯಿತು, ಹೆಸರೂ ದಕ್ಕಲಿಲ್ಲ ಎಂದಾಗಬಾರದು.